ತಪ್ಪಾಗಿ ಕೊರೆದ ಬೀಗದಕೈ

ಈಸಾಫ್ಯೋರ್ದುರ್ ಊರಲ್ಲಿ ಎರಡು ತಿಂಗಳು ಸೂರ್ಯ
ಬೆಟ್ಟ ಹತ್ತಿ ಇಣುಕುವುದಿಲ್ಲ.
ಬಂದರಿನ ಮೀನುಗೋದಾಮಿನ ಮೇಲೆ
ಒಂದೇ ಕಿಟಕಿ ಹಗಲಿಡೀ ಉರಿಯುತ್ತದೆ:
ಥೋರ್ಗುನ್ನುರ್ ಕುಟುಂಬಗಳನ್ನು ಜೋಡಿಸುತ್ತಿದ್ದಾಳೆ.

ಮನುಷ್ಯರವಲ್ಲ. ಪ್ರೋಟೀನುಗಳವು.
ಕಡಲತಳದ ಕೆಸರು ಕೊಟ್ಟ ಅಕ್ಷರಗಳು,
ಯೀಸ್ಟಿನವು, ಪಾಚಿಯವು, ಕಾಡ್ ಮೀನಿನವು,
ಅವಳದೇ ಕೆನ್ನೆಯೊಳಗಿನಿಂದ ಕೆರೆದು ತೆಗೆದವೂ,
ಸಾಲಿನ ಕೆಳಗೆ ಸಾಲು.
ಇನ್ನೂರು ಕೋಟಿ ವರ್ಷ ಜಗ್ಗದೆ ಕೂತ ಒಂದು ಲೈಸಿನ್;
ಅದರ ಪಕ್ಕದಲ್ಲೇ
ಯಾರು ಯಾರೋ ಬಂದು ಹೋದ ಜಾಗ.

ಈ ದೇಶದಲ್ಲಿ ಜನಕ್ಕೆ ಮನೆತನದ ಹೆಸರಿಲ್ಲ.
ಸಿಗುರ್ಗೇರನ ಮಗಳು, ಅಷ್ಟೇ ಅವಳು;
ಅವಳ ಮಗ ಇನ್ನೊಬ್ಬನ ಮಗ.
ಹೆಸರು ಒಂದು ತಲೆಮಾರು ನಡೆದು ಕೂತುಬಿಡುತ್ತದೆ.
ಪ್ರೋಟೀನುಗಳಿಗೋ
ಹೆಸರಿಟ್ಟದ್ದು ನಾವು, ಮೊನ್ನೆ ಮೊನ್ನೆ;
ಕೂಗಿದರೆ ಮಾತ್ರ ಮನೆತನಕ್ಕೆ ಮನೆತನವೇ ಓಗೊಡುತ್ತದೆ.

ನದೀಮೂಲ ಕೇಳಬಾರದಂತೆ, ಋಷಿಮೂಲ ಕೇಳಬಾರದಂತೆ.
ಜೀವಕೋಶದ ಮೂಲ ಕೇಳಬಾರದೆಂದು ಯಾರೂ ಹೇಳಲಿಲ್ಲ.
ಅಷ್ಟು ಸಣ್ಣದಕ್ಕೂ ಮೂಲವುಂಟೆಂದು
ಹೇಳುವವರಿಗೆ ಹೊಳೆದಿರಲಿಕ್ಕಿಲ್ಲ.

ಅಪ್ಪನಿಗೆ ಬಂದರಿನಲ್ಲಿ ಬೀಗದ ಅಂಗಡಿಯಿತ್ತು.
ಒಂದು ಕೈ ನೋಡಿ ಇನ್ನೊಂದು ಕೈ ಕೊರೆಯುವ ಯಂತ್ರ,
ಅದರ ಕಿರಿಚಾಟ, ಅಪ್ಪನ ಮೀಸೆಯಲ್ಲಿ ಹಿತ್ತಾಳೆಯ ಪುಡಿ.
ಯಂತ್ರ ಒಮ್ಮೊಮ್ಮೆ ಜಾರುತ್ತಿತ್ತು.
ಜಾರಿದ್ದನ್ನು ಗಿರಾಕಿಗೆ ಕೊಡದೆ, ಬಿಸಾಡದೆ
ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದ.
ಯಾಕಪ್ಪಾ ಎಂದರೆ,
"ಅಸಲಿ ಬಾಗಿಲಲ್ಲೇ ಇದೆಯಲ್ಲ, ಇದಕ್ಕೇನು ಅವಸರ?"

ಅವಳ ಇಡೀ ಪ್ರಬಂಧ ಆ ಒಂದು ಮಾತಿನ ಮೇಲೆ ನಿಂತಿದೆ;
ಉಲ್ಲೇಖಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ.

ಕೈತಪ್ಪಿನಿಂದ ಒಂದು ವಂಶವಾಹಿ ಒಂದಕ್ಕೆರಡಾಗುತ್ತದೆ.
ಹಳೆಯದು ಹಳೆ ಬಾಗಿಲು ಕಾಯುತ್ತದೆ.
ಹೊಸದಕ್ಕೆ ಕೆಲಸವಿಲ್ಲ, ಕೇಳುವವರಿಲ್ಲ,
ಸವೆಯಬಹುದು, ಸೊಟ್ಟಗಾಗಬಹುದು.
ಬಹುಪಾಲು ಕಿಲುಬು ಹಿಡಿದು ಹೋಗುತ್ತವೆ.
ಡಬ್ಬಿಯ ತಳದಲ್ಲೂ ಹಸಿರು ಕಿಲುಬು.
ಎಲ್ಲೋ ಒಂದು ಮಾತ್ರ
ಇನ್ನೂ ಕಟ್ಟದ ಮನೆಯ
ಇನ್ನೂ ಕೂರಿಸದ ಬೀಗದಲ್ಲಿ
ಅರ್ಧ ತಿರುಗುತ್ತದೆ.

ಹಾಗೆ ತೆರೆದುಕೊಂಡವು ಈ ಕೋಣೆಗಳು.
ಸಂಚಿ ಹೊತ್ತು ಕೊಳವೆಯ ಮೇಲೆ
ಹೆಜ್ಜೆ ಕಿತ್ತು ಹೆಜ್ಜೆ ಇಡುವ ಹಮಾಲಿ,
ಅವನ ದಾಯಾದಿಗಳು: ಹಲವರು ಅಂಚಿನತ್ತ,
ಒಬ್ಬ ಮಾತ್ರ ಹಠಕ್ಕೆ ಬಿದ್ದು ಹಿಂದಕ್ಕೆ.
ಯಾವ ಸಂಚಿ ಯಾವ ಕೋಣೆಗೆಂದು ಮುದ್ರೆಯೊತ್ತುವ
ಪುಟ್ಟ ಗುಮಾಸ್ತರ ದಂಡು, ಎಲ್ಲರಿಗೂ ಅದೇ ಮೂಗು.
ಒಳಮನೆಯಲ್ಲಿ, ಬಾಡಿಗೆಗೆ ಬಂದು ಮನೆಯವನೇ ಆದ
ಹಳೆಯ ಬ್ಯಾಕ್ಟೀರಿಯಾ,
ತನ್ನ ಗಂಟಿನ ಮುಕ್ಕಾಲು ಯಜಮಾನನಿಗೊಪ್ಪಿಸಿ
ಒಲೆ ಉರಿಸುತ್ತ ಕೂತಿದೆ.

ಜನವರಿಯ ಕೊನೆಯ ವಾರ
ಕೆಸರಿನ ಮಾದರಿಯಿಟ್ಟ ಶೀತಪೆಟ್ಟಿಗೆಯ ಬೀಗದಕೈ ಕಳೆಯಿತು.
ಅವಳು ಡಬ್ಬಿ ಸುರಿದಳು. ನಲವತ್ತೊಂದು.
ಒಂದೊಂದನ್ನೇ ತೂರಿಸಿದಳು,
ರಾತ್ರಿಯಿಡೀ, ನಾಚಿಕೊಳ್ಳುತ್ತ,
ಪವಾಡಕ್ಕೆ ಕಾದವಳಂತೆ.
ಏಳು ಒಳಹೊಕ್ಕವು. ಒಂದೂ ತಿರುಗಲಿಲ್ಲ.

ಸರಿಯೇ, ಎಂದುಕೊಂಡಳು.
ನಲವತ್ತೊಂದು ತೀರ ಕಡಿಮೆ,
ಒಂದು ರಾತ್ರಿ ತೀರ ಚಿಕ್ಕದು.

ಬೆಳಿಗ್ಗೆ ಕಾವಲುಗಾರ ಹ್ರೆಗ್ವಿದುರ್ ಬಂದು
ದೊಡ್ಡ ಕತ್ತರಿಯಿಂದ ಬೀಗ ತುಂಡರಿಸಿದ,
ಹಲ್ಲಿನ ವೈದ್ಯನ ಗಾಂಭೀರ್ಯದಲ್ಲಿ.
ಕೆಳಗೆ ಬೀದಿಯಲ್ಲಿ ಯಾರೋ ಕೂಗಿದರು.
ಬೆಟ್ಟದ ಸಂದಿನಿಂದ ಬಿಸಿಲು,
ಎಣಿಸಿದರೆ ನಾಲ್ಕು ನಿಮಿಷ.
ಮನೆಮನೆಯಲ್ಲೂ ಕಾಫಿ, ಸಕ್ಕರೆ ಉದುರಿಸಿದ ತೆಳು ಪ್ಯಾನ್‌ಕೇಕು.

ಮೇಜಿನ ಮೇಲಿನ ಹಿತ್ತಾಳೆಗೆ ಬಿಸಿಲು ತಾಗಿ,
ಹಲ್ಲುಹಲ್ಲಿನ ನೆರಳು ಗೋಡೆಯ ಮೇಲೆ
ಸಾಲಿನ ಕೆಳಗೆ ಸಾಲು.
ಅವಳು ಎಲ್ಲವನ್ನೂ ಬಾಚಿ ಡಬ್ಬಿಗೆ ತುಂಬಿದಳು.
ಕತ್ತರಿಸಿದ ಬೀಗವನ್ನೂ.